ಯಾದವಗಿರಿಯ ಯಂತ್ರ, ಮೇಟಗಳ್ಳಿಯ ಜೀರ್ಣೋದ್ಧಾರ

ಮೈಸೂರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅರಮನೆಯಿಂದ ತೊಡಗಿ ಚಾಮುಂಡಿ ಬೆಟ್ಟವನ್ನು ಹತ್ತಿ, ದಸರಾ ಮೆರವಣಿಗೆಯನ್ನು ನೋಡಿ, ಮಲ್ಲಿಗೆ, ವೀಳ್ಯದೆಲೆ, ಗಂಧದೆಣ್ಣೆ, ಮೈಸೂರು ಪಾಕುಗಳನ್ನು ಎಣಿಸಿ ತಮ್ಮ ಲೇಖನವನ್ನು ಮುಗಿಸುವುದು ವಾಡಿಕೆ. ಇವೆಲ್ಲವೂ ಈ ನಗರದ ಕೀರ್ತಿಗೆ ಕಾರಣವಾದವುಗಳೇ ಸರಿ. ಆದರೆ ಮೂರೂವರೆ ದಶಕಗಳ ಕಾಲ ಇದೇ ನಗರದ ಹೆಸರನ್ನು ದೇಶದ ಮೂಲೆಮೂಲೆಗೆ ಕೊಂಡೊಯ್ದ ಇನ್ನೊಂದು ವಸ್ತುವಿತ್ತು. ಅದಕ್ಕೆ ಎರಡು ಚಕ್ರ, ಒಂದು ಸಿಲಿಂಡರು, ಎರಡು ಹೊಗೆಕೊಳವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮೋಟಾರು ಸೈಕಲ್ಲೆಂಬ ಮಾತಿಗೆ ಬಹುಕಾಲ ‘ಜಾವಾ’ ಎಂಬುದೇ ಪರ್ಯಾಯಪದವಾಗಿತ್ತು.

ರೈಲು ನಿಲ್ದಾಣವನ್ನು ಬಿಟ್ಟು ಕೃಷ್ಣರಾಜಸಾಗರ ರಸ್ತೆಯನ್ನು ಹಿಡಿದರೆ ರೈಲು ವಸ್ತುಸಂಗ್ರಹಾಲಯವೂ, ಚೆಲುವಾಂಬಾ ವಿಲಾಸದಲ್ಲಿ ನೆಲೆಗೊಂಡಿರುವ ಕೇಂದ್ರೀಯ ಆಹಾರ ಸಂಶೋಧನಾಲಯವೂ ಎದುರಾಗುತ್ತವೆ. ಅಲ್ಲಿಂದ ಮುಂದಕ್ಕೆ ಯಾದವಗಿರಿ. ಈ ಬಡಾವಣೆಯಲ್ಲಿ ಆಕಾಶವಾಣಿ ಇದೆ, ಶ್ರೀರಾಮಕೃಷ್ಣ ಆಶ್ರಮವಿದೆ, ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣರು ಬಾಳಿದ ಮನೆಯಿದೆ. ಆ ಮನೆಯು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾದ, ಧ್ಯಾನ, ಕಥನ ಈ ಮೂರೂ ನೆರೆಹೊರೆಯಾಗಿದ್ದ ಈ ಶಾಂತವಾದ ಪ್ರದೇಶದಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆಯೂ ಇತ್ತೆಂಬುದನ್ನು ಇಂದಿನ ತರುಣರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಮುಚ್ಚಿದ್ದು 1996ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ಈಗ ಗೃಹಸ್ಥರಾಗಿದ್ದಾರೆ.

ಮುಂಬಯಿಯ ಪಾರ್ಸಿ ಮನೆತನದ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಎಂಬವರು ಚೆಕೊಸ್ಲೊವಾಕಿಯಾ ದೇಶದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು 1960ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷವೇ ತಯಾರಿಕೆ ಮೊದಲಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರು. ಪರದೇಶದಿಂದ ಸಿದ್ಧ ವಾಹನಗಳನ್ನು ತರಿಸಿಕೊಳ್ಳುವುದಕ್ಕೆ ಸರ್ಕಾರವು ಕಡಿವಾಣ ಹಾಕಿದ್ದ ಆ ಕಾಲದಲ್ಲಿ, ಇಲ್ಲಿಯೇ ತಯಾರಿಸಿ ಎಂಬುದೊಂದೇ ದಾರಿ ಉಳಿದಿತ್ತು. ಮೊದಲು ಬಿಡಿಭಾಗಗಳನ್ನು ಅಲ್ಲಿಂದ ತರಿಸಿ ಇಲ್ಲಿ ಜೋಡಿಸುತ್ತಿದ್ದರು. ಕ್ರಮೇಣ ಭಾಗಗಳೂ ಇಲ್ಲಿಯವೇ ಆದವು.

ಹೆಸರಿನ ನಿರುಕ್ತಿಯನ್ನು ಹೇಳದೆ ಮುಂದುವರಿಯಲು ನನ್ನಂಥ ಪಾಠಶಾಲೆಯ ಮನುಷ್ಯನಿಗೆ ಮನಸ್ಸು ಬಾರದು. ಸಂಸ್ಕೃತದಲ್ಲಿ ‘ಜವ’ ಎಂದರೆ ವೇಗ. ಆದುದರಿಂದ ಜಾವಾ ಎಂಬುದು ಸಂಸ್ಕೃತಜನ್ಯವೆಂದು ನಮ್ಮ ಹಿರಿಯ ಪಂಡಿತರೊಬ್ಬರು ಸಭೆಯಲ್ಲಿ ಸಾಧಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇನ್ನೊಬ್ಬರು ಅದನ್ನು ಯವದ್ವೀಪಕ್ಕೆ ಗಂಟುಹಾಕಿದರು. ಎರಡೂ ರಮ್ಯ, ಎರಡೂ ನಿಜವಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲು ತಯಾರಿಸುವ ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರಿನ ಮೊದಲೆರಡನ್ನು ಸೇರಿಸಿದ. ಅವರ ನಾಡಿನಲ್ಲಿ ಅದನ್ನು ‘ಯಾವಾ’ ಎಂದೇ ಉಚ್ಚರಿಸುತ್ತಾರೆ. 1970ರ ದಶಕದ ನಡುವೆ ಮೈಸೂರಿನ ವಾಹನಗಳು ‘ಯೆಜ್ಡಿ’ ಎಂಬ ಹೆಸರನ್ನು ಧರಿಸಿದವು. ಅದು ಇರಾನಿ ಮನೆತನದವರ ಪೂರ್ವಿಕರ ನಾಡಾದ ಪರ್ಷಿಯಾದ ಯಜ್ದ್ ನಗರದ ನೆನಪು. ಪಾರ್ಸಿಗಳ ಧರ್ಮಗ್ರಂಥದ ‘ಯಜತ’ ಶಬ್ದವೂ ನಮ್ಮ ವೇದದ ‘ಯಜತ’ ಶಬ್ದವೂ ಒಡಹುಟ್ಟಿದವು. ಯಜ್ದ್ ಎಂಬ ಊರಿನ ಹೆಸರಿಗೂ ಅದೇ ಮೂಲವೆಂದು ಹೇಳುವುದುಂಟು. ಹೀಗಾಗಿ ನಮ್ಮ ಪಂಡಿತರು ಜಾವಾದಲ್ಲಿ ಹುಡುಕಿ ಸೋತದ್ದು ಯೆಜ್ಡಿಯಲ್ಲಿ ಅನಾಯಾಸವಾಗಿ ದೊರೆಯುತ್ತಿತ್ತು!

ಈಗ ಪ್ರಕೃತ ವಿಷಯಕ್ಕೆ ಬರುತ್ತೇನೆ. ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ನನ್ನ ಸೋದರಮಾವನವರು 1970ರಲ್ಲಿ ಒಂದು ಜಾವಾ ಗಾಡಿಯನ್ನು ಕೊಂಡರು. ಅದು 1966ರಲ್ಲಿ ತಯಾರಾಗಿ, ಮೊದಲೊಬ್ಬ ಅಧಿಕಾರಿಯ ಕೈಯಲ್ಲಿದ್ದು, ಎರಡನೆಯ ಕೈಗೆ ಬಂದುದು. ಉಪಾಧ್ಯಾಯರ ಸಂಬಳದಲ್ಲಿ ಅಂಥದನ್ನು ಕೊಳ್ಳುವುದು ಸುಲಭವಾಗಿರಲಿಲ್ಲ. ಅಜ್ಜಿ ತನ್ನ ಕೊರಳಿನ ಅಡ್ಡಿಕೆಯನ್ನು ಬಿಚ್ಚಿ ಮಗನ ಕೈಗಿತ್ತಳು. ಮಾವನವರು ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ, ಜಾತ್ರೆಗೆ ಬಂದಿದ್ದ ಬೋರ್ಡು ಬರೆಯುವವನೊಬ್ಬನಿಂದ ಬಿಳಿಯ ಬಣ್ಣದಲ್ಲಿ ಮೂರು ವಿಭೂತಿ ರೇಖೆಗಳನ್ನೂ, ಅವುಗಳ ಕೆಳಗೆ ‘ಮಾತೃಕೃಪೆ’ ಎಂಬ ಪದವನ್ನೂ ಬರೆಸಿದರು. ಬರೆದವನು ‘ಮಾತ್ರುಕ್ರುಪೆ’ ಎಂದು ಬರೆದ. ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದರೂ ಬಿಡದ ಮಾವನವರು ಅದನ್ನು ಮಾತ್ರ ತಿದ್ದಿಸಲಿಲ್ಲ. ಬರೆದವನು ಅಷ್ಟು ಹೊತ್ತಿಗೆ ಮುಂದಿನ ಜಾತ್ರೆಗೆ ಹೊರಟುಹೋಗಿದ್ದನೆಂಬುದು ಅವರ ಸಮಜಾಯಿಷಿ.

ಹತ್ತು ವರ್ಷದ ಹುಡುಗನಾಗಿದ್ದ ನನ್ನನ್ನು ಮಠದ ಪಾಠಶಾಲೆಗೆ ಸೇರಿಸಲು ಕರೆದೊಯ್ದದ್ದು ಅದೇ ಗಾಡಿ. ಹಿಂದೆ ತಗಡಿನ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು, ನನ್ನನ್ನು ಮುಂದೆ ಟ್ಯಾಂಕಿನ ಮೇಲೆ ಕುಳ್ಳಿರಿಸಿಕೊಂಡಿದ್ದರು. ಆ ಅಕ್ಷರಗಳ ಮೇಲೆಯೇ ಕುಳಿತು ನಾನು ಅಕ್ಷರಾಭ್ಯಾಸಕ್ಕೆ ಹೋದೆನೆಂದು ಅತ್ತೆ ಇಂದಿಗೂ ನಗೆಯಾಡುತ್ತಾರೆ. ಊರಿನಲ್ಲಿ ಹೆರಿಗೆಗೆ, ಹಾವು ಕಡಿದವರಿಗೆ, ಪರೀಕ್ಷೆಗೆ ತಡವಾದ ಹುಡುಗರಿಗೆ, ಎಲ್ಲರಿಗೂ ಆ ಒಂದೇ ಗಾಡಿ. 2004ರಲ್ಲಿ ಮಾವನವರು ಲಿಂಗೈಕ್ಯರಾದರು. ಅದಕ್ಕೆ ಕೆಲವು ವರ್ಷ ಮೊದಲೇ ಗಾಡಿ ದನದ ಕೊಟ್ಟಿಗೆಯ ಮೂಲೆ ಸೇರಿತ್ತು. ಅದರ ಮೇಲೆ ಗೋಣಿಚೀಲ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೋಳಿ.

ಕಳೆದ ಕಾರ್ತಿಕ ಮಾಸದಲ್ಲಿ ಕಿರಿಯ ಮಗ ಅದನ್ನು ಮಾರಲು ಹೊರಟ. ಬೆಂಗಳೂರಿನ ಸಂಗ್ರಾಹಕರೊಬ್ಬರು ಒಳ್ಳೆಯ ಬೆಲೆಯನ್ನೇ ಹೇಳಿದ್ದರು. ಮನೆಗೆ ಹಣದ ಅಗತ್ಯವೂ ಇತ್ತು. ಕೊಳವೆಬಾವಿ ಬತ್ತಿ ಹೋಗಿತ್ತು. ಆದುದರಿಂದ ಅವನನ್ನು ದುರಾಸೆಯವನೆನ್ನಲಾಗದು. ಎಂಬತ್ತು ದಾಟಿದ ಅತ್ತೆ ಮಾತ್ರ, ‘ಅದು ಒಂದು ಸಾರಿ ಓಡಿದ ಮೇಲೆ ಏನಾದರೂ ಮಾಡಿಕೊಳ್ಳಿ, ಸತ್ತದ್ದನ್ನು ಮಾರಬೇಡಿ’ ಎಂದುಬಿಟ್ಟರು. ಹಿರಿಯ ಮಗನು ಹೊರಗಿನ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಹೀಗೆ ಆ ಗಾಡಿಯನ್ನು ಟೆಂಪೋದಲ್ಲಿ ಹೇರಿಸಿ ಮೈಸೂರಿನ ಮೇಟಗಳ್ಳಿಗೆ ತರುವ ಹೊಣೆ ನನ್ನ ಪಾಲಿಗೆ ಬಂದಿತು.

ಮೇಟಗಳ್ಳಿಯಲ್ಲಿ ಒಬ್ಬ ಮೇಸ್ತ್ರಿಯಿದ್ದಾರೆ. ಹೆಸರನ್ನು ಅಚ್ಚು ಹಾಕಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ಮೇಸ್ತ್ರಿ ಎಂದೇ ಬರೆಯುತ್ತೇನೆ. 1974ರಲ್ಲಿ ತರುಣರಾಗಿ ಯಾದವಗಿರಿಯ ಕಾರ್ಖಾನೆ ಸೇರಿ, ಎಂಜಿನ್ ಜೋಡಿಸುವ ಕೆಲಸದಲ್ಲಿ ಪಳಗಿ, ಕಾರ್ಖಾನೆ ನಿಂತಾಗ ನಡುವಯಸ್ಸಿನಲ್ಲಿ ಮನೆಗೆ ಬಂದವರು. ಮನೆಯ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಅವರ ಕಾರ್ಯಾಗಾರ. ಹನ್ನೆರಡು ಅಡಿಗೆ ಹತ್ತು ಅಡಿ ಇದ್ದೀತು. ಗೋಡೆಯ ಉದ್ದಕ್ಕೂ ಹಾರ್ಲಿಕ್ಸ್ ಸೀಸೆಗಳು. ಒಂದೊಂದರ ಮೇಲೂ ಮುದ್ದಾದ ಕನ್ನಡದಲ್ಲಿ ಚೀಟಿ: ‘ಕ್ಲಚ್ಚಿನ ಸ್ಪ್ರಿಂಗು’, ‘ಹಿಂಚಕ್ರದ ಲಾಳಿ’, ‘ಗೊತ್ತಿಲ್ಲದವು’. ಕ್ಲಚ್ಚನ್ನು ಕೀಳುವ, ಡೈನಮೋವನ್ನು ಬಿಡಿಸುವ ವಿಶೇಷ ಸಲಕರಣೆಗಳನ್ನು ಅವರು ಲೇತಿನಲ್ಲಿ ತಾವೇ ತಿರುವಿ ಮಾಡಿಕೊಂಡಿದ್ದಾರೆ. ಇಂಥ ಹಿತ್ತಿಲ ಕಾರ್ಯಾಗಾರಗಳು ಮೈಸೂರಿನಲ್ಲಿ ಇನ್ನೂ ಕೆಲವಿವೆ. ಕಾರ್ಖಾನೆಯ ಕಟ್ಟಡ ಮೌನವಾದರೂ ಅದರ ವಿದ್ಯೆಯು ಹೀಗೆ ಕೇರಿಕೇರಿಗಳಲ್ಲಿ ಚೆದುರಿಹೋಗಿ ಬದುಕಿಕೊಂಡಿತು.

ಜಾವಾದ ಯಂತ್ರವನ್ನು ಮೇಸ್ತ್ರಿಯವರು ನನಗೆ ವಿವರಿಸಿದ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಮನೆಯ ಮಕ್ಕಳು ಓದಿದರೆ ಪ್ರಯೋಜನವಾದೀತು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನು ಚಲಿಸುವ ಅಂತರ 75 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರ್ ಆಗುತ್ತದೆ. ಜನ ಅದನ್ನೇ 250 ಎನ್ನುವುದು. ಇದು ಎರಡು ಹೊಡೆತದ ಎಂಜಿನ್. ನಾಲ್ಕು ಹೊಡೆತದ್ದರಲ್ಲಿ ಎರಡು ಸುತ್ತಿಗೆ ಒಮ್ಮೆ ಇಂಧನ ಉರಿದರೆ, ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ನೇರವಾಗಿ ಸಿಲಿಂಡರಿಗೆ ಹೋಗದೆ ಮೊದಲು ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ ಇಳಿಯುತ್ತದೆ. ಪಿಸ್ಟನ್ನು ಕೆಳಗೆ ಬರುವಾಗ ಆ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳುಹಿಸುತ್ತದೆ. ಹೀಗಾಗಿ ಕೆಳಗಿನ ಪೆಟ್ಟಿಗೆಯಲ್ಲಿ ಬೇರೆಯಾಗಿ ಎಣ್ಣೆ ತುಂಬಿಡುವಂತಿಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಒಂದು ಪಾಲು ಎಣ್ಣೆಗೆ ಇಪ್ಪತ್ತೈದು ಪಾಲು ಪೆಟ್ರೋಲು, ಅಂದರೆ ಲೀಟರಿಗೆ 40 ಮಿಲಿಲೀಟರ್. ಜಾವಾ ಹೋದ ಬೀದಿಯಲ್ಲಿ ನೀಲಿಯ ಹೊಗೆಯೂ ಒಂದು ಬಗೆಯ ಸಿಹಿವಾಸನೆಯೂ ಉಳಿಯುತ್ತಿದ್ದುದಕ್ಕೆ ಕಾರಣ ಈ ಎಣ್ಣೆ.

ಇನ್ನೊಂದು ಚಮತ್ಕಾರ ಅದರ ಎಡಗಾಲಿನ ಸನ್ನೆ. ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಕಾಲಿನಿಂದ ಗೇರನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಉಂಟು. ಕೈಸನ್ನೆಯ ತಂತಿ ಹರಿದರೂ ಮನೆ ಸೇರಬಹುದಾಗಿತ್ತು. ರಿಪೇರಿ ಅಂಗಡಿಗಳಿಲ್ಲದ ಊರುಗಳಲ್ಲಿ ಈ ಗಾಡಿ ಪ್ರಿಯವಾದುದಕ್ಕೆ ಈ ಒಂದು ಗುಣವೇ ಸಾಕು.

ನಮ್ಮ ಗಾಡಿಯ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸುತ್ತಿಗೆಯನ್ನು ಎತ್ತುವರೆಂದು ನಾನು ನಿರೀಕ್ಷಿಸಿದ್ದೆ. ಮೇಸ್ತ್ರಿಯವರು ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಆ ರಂಧ್ರದಲ್ಲಿ ಡೀಸೆಲ್ಲನ್ನೂ ತೆಳು ಎಣ್ಣೆಯನ್ನೂ ಬೆರೆಸಿ ಹೊಯ್ದು, ಬಟ್ಟೆಯ ಬಿರಡೆ ಹಾಕಿ, ‘ಹನ್ನೊಂದು ದಿನ ಬಿಟ್ಟು ಬನ್ನಿ’ ಎಂದರು. ಕಾರ್ಬುರೇಟರಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಎಡಗಡೆಯ ಹೊಗೆಕೊಳವೆಯಲ್ಲಿ ಭತ್ತದ ಹೊಟ್ಟು. ಒಂಬತ್ತನೆಯ ದಿನವೇ ಪಿಸ್ಟನ್ನು ಅಲುಗಿತೆಂದು ಅವರಿಂದ ಕರೆ ಬಂದಿತು.

ಅನಂತರದ್ದು ತಿಂಗಳುಗಳ ಕೆಲಸ. ಕ್ರ್ಯಾಂಕ್ ಪೆಟ್ಟಿಗೆಯನ್ನು ಎರಡು ಹೋಳು ಮಾಡಿದಾಗ ಒಳಗಿನ ಬೇರಿಂಗುಗಳು ತುಕ್ಕು ಹಿಡಿದಿದ್ದವು. ಪಕ್ಕದ ಸೀಲುಗಳು ಒಣಗಿ ಸೊಪ್ಪಿನಂತಾಗಿದ್ದವು. ಈ ಸೀಲು ಬಿರಿದರೆ ಕೆಳಗಿನ ಕೋಣೆಗೆ ಹೊರಗಿನ ಗಾಳಿ ಸೇರಿ, ಮಿಶ್ರಣ ತೆಳುವಾಗಿ, ಎಂಜಿನ್ ಕಾದು ಮತ್ತೆ ಕಚ್ಚಿಕೊಳ್ಳುತ್ತದೆ. ಹೊರಗೆ ಎಷ್ಟು ಹೊಳಪು ಕೊಟ್ಟರೂ ಈ ಎರಡು ರಬ್ಬರಿನ ಬಳೆಗಳು ಸರಿಯಿಲ್ಲದಿದ್ದರೆ ಗಾಡಿ ಪ್ರದರ್ಶನದ ಗೊಂಬೆ. ಹೊಸ ಬೇರಿಂಗು ಕೂರಿಸುವ ಕ್ರಮವನ್ನು ನೋಡಿ ನಾನು ಬೆರಗಾದೆ. ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು, ಬೇರಿಂಗು ಉಕ್ಕಿನದು. ಕಾವಿಗೆ ಅಲ್ಯೂಮಿನಿಯಮ್ಮು ಹೆಚ್ಚು ಹಿಗ್ಗುತ್ತದೆ. ಪೆಟ್ಟಿಗೆಯನ್ನು ಒಲೆಯ ಮೇಲೆ ಹದವಾಗಿ ಕಾಯಿಸಿ, ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ತಣಿಸಿ, ಬೆರಳಿನಿಂದ ಹಿಡಿದು ಬಿಟ್ಟರೆ ಗುಳಿಯಲ್ಲಿ ತಾನಾಗಿ ಜಾರಿ ಕುಳಿತುಕೊಳ್ಳುತ್ತದೆ. ಒಂದು ಪೆಟ್ಟೂ ಬೇಡ. ಮೊದಮೊದಲು ಇದನ್ನೆಲ್ಲ ಅಡುಗೆಮನೆಯ ಒಲೆಯ ಮೇಲೆಯೇ ಮಾಡುತ್ತಿದ್ದರಂತೆ. ಅವರ ಮನೆಯವರು ಒಂದು ಏಕಾದಶಿಯ ದಿನ ಪೆಟ್ಟಿಗೆಯನ್ನೂ ಗಂಡನನ್ನೂ ಒಟ್ಟಿಗೆ ಹಿತ್ತಿಲಿಗೆ ಅಟ್ಟಿದ ಮೇಲೆ ಬೇರೆ ಒಲೆಯ ವ್ಯವಸ್ಥೆಯಾಯಿತು.

ಸಿಲಿಂಡರನ್ನು ಕೊರೆಸಲು ಲಷ್ಕರ್ ಮೊಹಲ್ಲಾದ ಲೇತ್ ಅಂಗಡಿಗೆ ಹೋದೆವು. ಸವೆದ ಗೋಡೆಯನ್ನು ಸಮನಾಗಿ ಕೊರೆದು, ಕಾಲು ಮಿಲಿಮೀಟರಿನಷ್ಟು ದೊಡ್ಡದಾದ ಪಿಸ್ಟನ್ನನ್ನು ಹಾಕುವುದು ಪದ್ಧತಿ. ಪ್ರತಿ ಸಲ ಕಾಲು ಮಿಲಿಮೀಟರ್; ಕೆಲವು ಸಲಗಳಾದ ಮೇಲೆ ಗೋಡೆಯೇ ಉಳಿಯುವುದಿಲ್ಲ. ಮಾವನವರ ಗಾಡಿಗೆ ಇದು ಎರಡನೆಯ ಕೊರೆತ. ಕಾರ್ಖಾನೆಯೇ ಇಲ್ಲದಿರುವಾಗ ಬಿಡಿಭಾಗಗಳು ಎಲ್ಲಿಂದ ಎಂದು ಓದುಗರು ಕೇಳಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಮಂಡಿ ಮೊಹಲ್ಲಾದ ಹಳೆಯ ಅಂಗಡಿಗಳ ಅಟ್ಟ, ಇವು ಮೊದಲ ಆಶ್ರಯ. ಯುರೋಪಿನಲ್ಲಿಯೂ ಈ ಗಾಡಿಯ ಅಭಿಮಾನಿಗಳು ಅನೇಕರಿರುವುದರಿಂದ ಅಲ್ಲಿ ಹೊಸದಾಗಿ ತಯಾರಾಗುವ ಭಾಗಗಳೂ ದೊರೆಯುತ್ತವೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಒಡೆಯರು ಊರೂರುಗಳಲ್ಲಿ ಕಲೆಯುತ್ತಾರೆ. ನೋಡುವವರಿಗೆ ಅದು ಮೆರವಣಿಗೆ. ಮೇಸ್ತ್ರಿಯವರ ಪಾಲಿಗೆ ಬಿಡಿಭಾಗಗಳ ಸಂತೆ.

ಕಾರ್ಖಾನೆ ಏಕೆ ನಿಂತಿತೆಂಬುದಕ್ಕೆ ಮೇಸ್ತ್ರಿಯವರ ಉತ್ತರ ಚಿಕ್ಕದು: ‘ಜನಕ್ಕೆ ಹೊಟ್ಟೆಗಿಂತ ಟ್ಯಾಂಕು ದುಬಾರಿ ಆಯಿತು ಸ್ವಾಮಿ.’ 1980ರ ದಶಕದ ನಡುವೆ ಜಪಾನಿನ ಸಹಯೋಗದ ಸಣ್ಣ ಗಾಡಿಗಳು ಬಂದವು. 1985ರಲ್ಲಿ ಹೊರಬಂದ ಹೀರೋ ಹೋಂಡಾ ಗಾಡಿಯು ನಾಲ್ಕು ಹೊಡೆತದ್ದು. ಅದೇ ಪೆಟ್ರೋಲಿಗೆ ಜಾವಾ-ಯೆಜ್ಡಿಗಿಂತ ಬಹಳ ದೂರ ಓಡುತ್ತಿತ್ತು. ಹೊಗೆಯ ಬಗೆಗಿನ ಸರ್ಕಾರದ ನಿಯಮಗಳು 1991ರಲ್ಲಿ ಬಂದು 1996ರಲ್ಲಿ ಬಿಗಿಯಾದವು. ಎಣ್ಣೆಯನ್ನು ಉರಿಸಿಯೇ ಬದುಕುವ ಯಂತ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ಹೊಗೆಯ ವಿಷಯದಲ್ಲಿ ಕಾಲವು ಮಾಡಿದ ತೀರ್ಪು ಸರಿಯಾದುದೇ ಎಂದು ನನ್ನ ಅಭಿಪ್ರಾಯ. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬುದು 2022ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ನಾಲ್ಕು ಹೊಡೆತದ ಬೇರೆಯೇ ಯಂತ್ರಗಳು, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವಂಥವು. ಅವುಗಳಿಗೂ ಯಾದವಗಿರಿಗೂ ಇರುವುದು ಹೆಸರಿನ ನಂಟಷ್ಟೇ.

ನಿಜವಾದ ತೊಡಕು ಎದುರಾದದ್ದು ಟ್ಯಾಂಕಿನ ವಿಷಯದಲ್ಲಿ. ಎಂಜಿನ್ ಸಿದ್ಧವಾಗುತ್ತಿದ್ದಂತೆ ಬೆಂಗಳೂರಿನ ಆ ಸಂಗ್ರಾಹಕರು ಬಂದು ನೋಡಿಹೋದರು. ಸಭ್ಯರು, ಈ ವಿದ್ಯೆಯನ್ನು ಬಲ್ಲವರು. ಅವರ ಷರತ್ತು ಒಂದೇ: ಟ್ಯಾಂಕಿನ ಬಣ್ಣವನ್ನೆಲ್ಲ ಹೆರೆದು ತಗ್ಗುಗಳನ್ನು ತಟ್ಟಿ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮರೂನು ಬಣ್ಣವನ್ನೂ ಹೊಂಬಣ್ಣದ ಗೆರೆಯನ್ನೂ ಕೊಡಿಸಬೇಕು. ‘ಮೂಲಸ್ವರೂಪ’ ಎಂಬ ಪದವನ್ನು ಅವರು ಮೂರು ಬಾರಿ ಬಳಸಿದರು. ಕಿರಿಯ ಮಗ ಒಪ್ಪಿದ. ಮೇಸ್ತ್ರಿಯವರೂ ಅದೇ ಪಕ್ಷ. ಅವರ ಮಾಡಿನಲ್ಲಿ ಹಾಗೆ ಸಿದ್ಧವಾದ ಬೇರೊಂದು ಟ್ಯಾಂಕು ತೂಗುತ್ತಿತ್ತು, ನಿಜಕ್ಕೂ ಸುಂದರ. ಅದರ ಗೆರೆಯನ್ನು ಎಳೆದವನು ಅಳಿಲಿನ ಕೂದಲಿನ ಕುಂಚವನ್ನು ಬಳಸುವ ಹಳೆಯ ಬೋರ್ಡು ಕಲಾವಿದ. ಒಂದೇ ಉಸಿರಿನಲ್ಲಿ, ಅಳತೆಪಟ್ಟಿಯಿಲ್ಲದೆ, ಮೂರು ಅಡಿಯ ಬಾಗಿದ ಗೆರೆ! ಮೈಸೂರು ಸಂಪ್ರದಾಯದ ಚಿತ್ರಕಾರರು ಬಳಸುತ್ತಿದ್ದುದೂ ಅಂಥ ಕುಂಚವನ್ನೇ. ಅಚ್ಚಿನ ಫಲಕಗಳು ಬಂದ ಮೇಲೆ ಅಂಗಡಿಯ ಹೆಸರು ಬರೆಸುವವರು ಉಳಿಯಲಿಲ್ಲ. ಈಗ ಅವನ ಅನ್ನ ಹುಟ್ಟುವುದು ಈ ಹಳೆಯ ಟ್ಯಾಂಕುಗಳ ಮೇಲೆ.

ಅತ್ತೆಯ ಮನಸ್ಸು ಮಾತ್ರ ಆ ಬಿಳಿಯ ಅಕ್ಷರಗಳಲ್ಲಿತ್ತು. ನನ್ನ ಅಭಿಪ್ರಾಯವನ್ನು ಎಲ್ಲರೂ ಕೇಳಿದರು. ಗಾಡಿಯ ವಿಷಯ ತಿಳಿದವನೆಂದಲ್ಲ, ಅಕ್ಷರದ ವಿಷಯ ತಿಳಿದವನೆಂದು. ತರುಣನಾಗಿದ್ದಾಗ ನಾನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗಳನ್ನು ಓದುತ್ತ ಕಳೆದ ದಿನಗಳುಂಟು. 1891ರಲ್ಲಿ ಸ್ಥಾಪಿತವಾದ, ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಸಂಸ್ಥೆ ಅದು. ಅಲ್ಲಿ ಗರಿಗಳಿಗೆ ಎಣ್ಣೆ ಸವರಿ ಮೃದುಗೊಳಿಸುತ್ತಾರೆ, ಧೂಳು ಒರೆಸುತ್ತಾರೆ, ಮಾಸಿದ ಅಕ್ಷರಕ್ಕೆ ಮಸಿ ತುಂಬುತ್ತಾರೆ. ಆದರೆ ಲಿಪಿಕಾರನು ತಪ್ಪಾಗಿ ಬರೆದುದನ್ನು ಗರಿಯ ಮೇಲೆಯೇ ಕೆರೆದು ತಿದ್ದುವುದಿಲ್ಲ. ಶುದ್ಧಪಾಠ ಬೇಕೇ, ಅಚ್ಚಿನ ಪುಸ್ತಕದಲ್ಲಿ ಕೊಡಿ, ಅಡಿಟಿಪ್ಪಣಿ ಹಾಕಿ; ಗರಿಯು ಗರಿಯಾಗಿಯೇ ಇರಲಿ. ಕೃತಿಯ ಮೂಲ ಬೇರೆ, ಪ್ರತಿಯ ಚರಿತ್ರೆ ಬೇರೆ. ಸಂಗ್ರಾಹಕರಿಗೆ ಬೇಕಾದದ್ದು 1966ರ ಕೃತಿ. ಅದಕ್ಕೆ ಅವರ ಬಳಿ ಬೇರೆ ಪ್ರತಿಗಳಿವೆ. ನಮ್ಮ ಮನೆಯಲ್ಲಿರುವುದಾದರೋ 1970ರ ಬಳಿಕ ಒಬ್ಬ ಉಪಾಧ್ಯಾಯ ಸವೆಸಿದ ಪ್ರತಿ. ಆ ಅಕ್ಷರಗಳು ಪ್ರಕ್ಷಿಪ್ತವೆಂಬುದು ನಿಜ, ಅಶುದ್ಧವೆಂಬುದೂ ನಿಜ. ಆದರೆ ಅವುಗಳನ್ನು ಕೆರೆದರೆ ಅಡ್ಡಿಕೆ ಕೊಟ್ಟವಳ ಸಾಕ್ಷಿ ಬೇರೆಲ್ಲಿಯೂ ಇಲ್ಲ. ಹೀಗೆಂದು ಹೇಳಿದೆ.

‘ಹಾಗಾದರೆ ಹೊಸ ಪಂಚೆಗೆ ಹಳೆಯ ರುಮಾಲು’ ಎಂದು ಮೇಸ್ತ್ರಿಯವರು ಮುಖ ತಿರುಗಿಸಿದರು. ಮಡ್‌ಗಾರ್ಡುಗಳಿಗೆ ಹೊಸ ಬಣ್ಣ ಕೊಟ್ಟು ಟ್ಯಾಂಕನ್ನು ಮಾತ್ರ ಹಳೆಯದಾಗಿ ಬಿಟ್ಟರೆ ವಿಕಾರವಾಗುತ್ತದೆಂಬುದು ಅವರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪವೇ. ಕೊನೆಗೆ ಯಾವುದಕ್ಕೂ ಹೊಸ ಬಣ್ಣ ಬೇಡ, ತುಕ್ಕು ತಿಂದ ಕೆಳಭಾಗಗಳಿಗೆ ಮಾತ್ರ ಸಾಕು, ಉಳಿದುದನ್ನು ತೊಳೆದು ಮೇಣ ತಿಕ್ಕುವುದೆಂದು ನಿಶ್ಚಯವಾಯಿತು. ‘ಇದು ಜೀರ್ಣೋದ್ಧಾರವಲ್ಲ, ಬರೀ ಆರೈಕೆ’ ಎಂದು ಅವರು ಎರಡು ದಿನ ಗೊಣಗಿದರು. ಸಂಗ್ರಾಹಕರು ಹಿಂದೆಗೆದರು. ಕಿರಿಯ ಮಗ ಒಂದು ತಿಂಗಳು ನನ್ನೊಡನೆ ಮಾತನಾಡಲಿಲ್ಲ. ಕೊಳವೆಬಾವಿಯ ಹಣಕ್ಕೆ ಅಣ್ಣನ ಕಡೆಯಿಂದ ಅರ್ಧ, ಸೊಸೈಟಿಯಿಂದ ಅರ್ಧ ಎಂದು ಏರ್ಪಾಡಾದ ಬಳಿಕವೇ ಮನೆಯಲ್ಲಿ ಗಾಳಿ ತಿಳಿಯಾದದ್ದು.

ಟ್ಯಾಂಕಿನ ಹೊರಮೈಯನ್ನು ಮುಟ್ಟದೆ ಒಳಮೈಯನ್ನು ಶುದ್ಧಮಾಡುವುದು ಹೆಚ್ಚು ಕಷ್ಟದ ಕೆಲಸವೆಂದು ಆಗ ತಿಳಿಯಿತು. ಅಕ್ಷರಗಳ ಮೇಲೆ ದಪ್ಪ ಬಟ್ಟೆ ಸುತ್ತಿ, ಒಳಗೆ ಹಿಡಿಯಷ್ಟು ನಟ್ಟುಗಳನ್ನು ಹಾಕಿ ಗಂಟೆಗಟ್ಟಲೆ ಕುಲುಕಿ ತುಕ್ಕನ್ನು ಉದುರಿಸಿದರು. ಬಳಿಕ ವಿನೆಗರ್ ತುಂಬಿ ಮೂರು ದಿನ. ಆಮೇಲೆ ವಾಷಿಂಗ್ ಸೋಡದ ನೀರು. ತಳದಲ್ಲಿ ಸೂಜಿಮೊನೆಯಂಥ ಎರಡು ರಂಧ್ರಗಳು ಕಾಣಿಸಿದವು. ಖಾಲಿಯಾದ ಪೆಟ್ರೋಲು ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯಕರ, ಏಕೆಂದರೆ ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಕಿಡಿ ತಗುಲಿದೊಡನೆ ಸಿಡಿಯುತ್ತದೆ. ಆದುದರಿಂದ ಆವಿಗೆ ಎಡೆಯಿಲ್ಲದಂತೆ ನೀರು ತುಂಬಿ, ಬೆಸುಗೆ ಹಾಕುವ ಜಾಗವನ್ನಷ್ಟೇ ಒಣದಾಗಿಟ್ಟು, ಬೆಂಕಿಯ ಜ್ವಾಲೆಯಿಲ್ಲದೆ ಕಾದ ಕಬ್ಬಿಣದಿಂದ ಸೀಸದ ಬೆಸುಗೆ ಹಾಕಿದರು. ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ತರುಣರು ಇದನ್ನು ಎರಡು ಬಾರಿ ಓದಬೇಕು. ಬಲ್ಲವರು ಜೊತೆಗಿಲ್ಲದೆ ಕೈಹಾಕಲೂಬಾರದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಹೊಸ ಬಗೆಯ ಕೊಳವೆಯನ್ನು ಹಾಕಿ, ಓಡಿಸದೆ ಇಡುವಾಗ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಬೇಕೆಂದು ಮೇಸ್ತ್ರಿಯವರು ಕಟ್ಟುನಿಟ್ಟು ಮಾಡಿದ್ದಾರೆ.

ಕಾಗದಪತ್ರಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ಇಂಥ ಗಾಡಿಗಳಿವೆ. ನಮ್ಮದು ಮೈಸೂರು ರಾಜ್ಯದ ಕಾಲದ್ದು. ಅದರ ಸಂಖ್ಯೆ ‘ಎಂ.ವೈ.’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಪ್ರತ್ಯೇಕ ನಿಯಮ ಮಾಡಿತು. ಮೂಲರೂಪದಲ್ಲಿಯೇ ಉಳಿದಿರುವ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ ಹತ್ತು ವರ್ಷ. ಹೊಸದಾಗಿ ನೋಂದಾಯಿಸಿದವುಗಳ ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೇ ರಸ್ತೆಗಿಳಿಸಬೇಕು. ಇದನ್ನು ಕೇಳಿದ ಅತ್ತೆ, ಸಂತೆಗೆ ಹೋಗದ ಗಾಡಿ ಯಾತಕ್ಕೆ ಎಂದರು. ಆದ್ದರಿಂದ ಆ ದಾರಿಯನ್ನು ಬಿಟ್ಟು, ಐದೈದು ವರ್ಷಕ್ಕೆ ನವೀಕರಿಸುವ ಸಾಮಾನ್ಯ ನೋಂದಣಿಗೇ ಅರ್ಜಿ ಹಾಕಲಾಗಿದೆ. ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಲು ಮಕ್ಕಳಿಬ್ಬರ ಒಪ್ಪಿಗೆಪತ್ರ ಬೇಕಾಯಿತು. ಕಿರಿಯವನು ಸಹಿ ಹಾಕಿ, ಮಾತಿಲ್ಲದೆ, ಕವರಿನಲ್ಲಿಟ್ಟು ನನಗೆ ಕಳುಹಿಸಿದ.

ಎಂಜಿನ್ನಿಗೆ ಜೀವ ಬಂದ ದಿನ ಮೇಸ್ತ್ರಿಯವರ ಹಿತ್ತಿಲಿನಲ್ಲಿ ಆರೇಳು ಮಂದಿ ಸೇರಿದ್ದೆವು. ಅವರ ಹಳೆಯ ಸಹೋದ್ಯೋಗಿಗಳಿಬ್ಬರು ಸುದ್ದಿ ತಿಳಿದು ತಾವಾಗಿಯೇ ಬಂದಿದ್ದರು. ಪೆಟ್ರೋಲು ಬಿಟ್ಟು, ಕಾರ್ಬುರೇಟರಿನ ಗುಂಡಿಯನ್ನು ಬೆರಳಿನಿಂದ ಒತ್ತಿ, ಒಂದು ಹನಿ ಹೊರಗೆ ಚಿಮ್ಮಿದೊಡನೆ ಸನ್ನೆಯನ್ನು ಒಳಕ್ಕೆ ಒತ್ತಿ ತುಳಿದರು. ಆರು ಬಾರಿ ಏನೂ ಇಲ್ಲ. ಬಂದವರಲ್ಲೊಬ್ಬರು ಏನೂ ಹೇಳದೆ ಬಗ್ಗಿ, ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವಿನ ಅಂತರವನ್ನು ಒಂದು ತೆಳು ತಗಡಿನಿಂದ ಅಳೆದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಮುಂದಿನ ತುಳಿತಕ್ಕೆ ಹಿತ್ತಿಲು ತುಂಬ ನೀಲಿ ಹೊಗೆ. ಆ ಇಬ್ಬರೂ ಮೇಸ್ತ್ರಿಯವರೂ ಪರಸ್ಪರ ಮುಖ ನೋಡಲಿಲ್ಲ. ಮೂವರೂ ತಲೆ ಒಂದೇ ಕಡೆಗೆ ವಾಲಿಸಿ ಸದ್ದನ್ನು ಕೇಳುತ್ತಿದ್ದರು. ‘ಬಲಗಡೆಯ ಸೈಲೆನ್ಸರು ಇನ್ನೂ ಕಟ್ಟಿದೆ’ ಎಂದರು ಒಬ್ಬರು. ಹೌದೆಂದು ಮಿಕ್ಕವರು ತಲೆದೂಗಿದರು. ನನಗೆ ಎರಡೂ ಒಂದೇ ಆಗಿ ಕೇಳಿಸುತ್ತಿತ್ತು.

ಈ ಕಿವಿಯನ್ನು ಕಲಿಸುವವರಾರು, ಕಲಿಯುವವರಾರು ಎಂಬುದು ನನಗೆ ಆ ದಿನದಿಂದ ಯೋಚನೆಯಾಗಿದೆ. ಮೇಸ್ತ್ರಿಯವರಿಗೆ ಒಂದು ಕಣ್ಣಿನಲ್ಲಿ ಪೊರೆ ಬಂದಿದೆ. ಮಗನು ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ವಾರದ ಕೊನೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು, ನೆರೆಮನೆಯವಳು, ಬಂದು ಸೀಸೆಗಳ ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸುತ್ತಾಳೆ. ‘ಗೊತ್ತಿಲ್ಲದವು’ ಎಂಬ ಸೀಸೆಯಿಂದ ದಿನಕ್ಕೊಂದು ಭಾಗವನ್ನು ತೆಗೆದು ಇದೇನೆಂದು ಕೇಳುತ್ತಾಳೆ. ನಾನು ಕಂಡಂತೆ ಆ ಸೀಸೆ ಈಗ ಮುಕ್ಕಾಲು ಬರಿದಾಗಿದೆ.

ಅತ್ತೆಯವರು ಶಿವರಾತ್ರಿಗೆ ಮುಂಚೆ ಬಂದು ಗಾಡಿಯನ್ನು ನೋಡಿದರು. ಟ್ಯಾಂಕಿನ ಮೇಲೆ ಕೈಯಾಡಿಸಿ, ತಗ್ಗೊಂದರ ಬಳಿ ನಿಲ್ಲಿಸಿ, ಇದು ಕಪಿಲಾ ಹೊಳೆಯ ಸೇತುವೆಯ ಹತ್ತಿರ ಬಿದ್ದಾಗ ಆದದ್ದೆಂದು ಮೇಸ್ತ್ರಿಯವರಿಗೆ ತಿಳಿಸಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಪೆಟ್ರೋಲಿಗೆ ಎಣ್ಣೆ ಎಷ್ಟು? ಐದು ಲೀಟರಿಗೆ 200 ಮಿಲಿಲೀಟರ್ ಎಂದು ಮೇಸ್ತ್ರಿಯವರು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟ ಚೀಟಿಯನ್ನು ಅವರು ಮಡಿಸಿ ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡರು. ನೋಂದಣಿಯ ಕಾಗದ ಇನ್ನೂ ಕಚೇರಿಯಿಂದ ಬಂದಿಲ್ಲ. ಅಲ್ಲಿಯವರೆಗೆ ಗಾಡಿ ಮೇಟಗಳ್ಳಿಯಲ್ಲಿಯೇ ಇದೆ. ವಾರಕ್ಕೊಮ್ಮೆ ಹಿತ್ತಿಲಿನಲ್ಲಿ ಅದರ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸುತ್ತಾರೆ.